ಕಡಿಮೆ ಖರ್ಚಿನಲ್ಲಿ ಬೋಲ್ಟ್ ರೈಫಲ್ ಮತ್ತು ಸ್ಕೋಪ್: ಕರಾವಳಿಯ ಪರವಾನಗಿದಾರರಿಗೆ ಒಂದು ಕೈಪಿಡಿ

ಹೊರದೇಶದ ಬಂದೂಕು ಕಂಪನಿಗಳ ಕ್ಯಾಟಲಾಗುಗಳಲ್ಲಿ, ಹಿಡಿಯನ್ನು ಕೈಯಿಂದ ಹಿಂದೆ ಮುಂದೆ ಸರಿಸಿ ಒಂದೊಂದೇ ತೋಟಾ ತುಂಬಿಸುವ ಬೋಲ್ಟ್ ರೈಫಲ್‌ಗೆ ಸಾಮಾನ್ಯವಾಗಿ ‘ಬೇಟೆ ರೈಫಲ್’ ಎಂದೇ ಹೆಸರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈಗ ಹವ್ಯಾಸದ ಬೇಟೆಗೆ ಅವಕಾಶವಿಲ್ಲ. ಆದುದರಿಂದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಇಂಥ ರೈಫಲ್ ಹುಡುಕುವವರು ಬೇರೆ ಬಗೆಯವರು. ರೈಫಲ್ ಕ್ಲಬ್ಬಿಗೆ ಸೇರಿ ಗುರಿ ಅಭ್ಯಾಸ ಮಾಡಬೇಕೆಂದಿರುವವರು, ಅಜ್ಜನ ಅಥವಾ ತಂದೆಯ ಹೆಸರಿನಲ್ಲಿದ್ದ ರೈಫಲನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರು, ಒಂಟಿ ಮನೆಯ ರಕ್ಷಣೆಗೆಂದು ಈಗಾಗಲೇ ರೈಫಲ್ ಪರವಾನಗಿ ಪಡೆದು ಯಾವುದನ್ನು ಕೊಳ್ಳಬೇಕೆಂದು ಯೋಚಿಸುತ್ತಿರುವವರು, ಇಷ್ಟೇ ಜನ. ಈ ಬರಹ ಅವರಿಗಾಗಿ.

ಕರಾವಳಿಯಲ್ಲಿ ರೈಫಲ್‌ಗೆ ಹಾಕಿದ ಹಣ ಪೋಲಾಗುವುದು ಮುಖ್ಯವಾಗಿ ಎರಡು ಕಡೆ ಎಂದು ನನ್ನ ಅಭಿಪ್ರಾಯ: ಬೇಕಾದುದಕ್ಕಿಂತ ಹೆಚ್ಚು ಶಕ್ತಿಯ ತೋಟಾ ಹಾರಿಸುವ ರೈಫಲ್, ಮತ್ತು ಬೇಕಾದುದಕ್ಕಿಂತ ಹೆಚ್ಚು ದೊಡ್ಡದಾಗಿ ತೋರಿಸುವ ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು). ಹಣ ಸಾಲದೆ ಹೋಗುವುದೂ ಎರಡು ಕಡೆ. ಒಂದು, ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್; ಇನ್ನೊಂದು, ಮಳೆಗಾಲದ ತುಕ್ಕಿನಿಂದ ರಕ್ಷಣೆ.

ಪರವಾನಗಿಯಲ್ಲಿ ಏನು ಬರೆದಿದೆ

ಅಂಗಡಿಗೆ ಹೋಗುವ ಮೊದಲು ಕಾನೂನಿನ ಲೆಕ್ಕ ಮುಗಿಸಿಕೊಳ್ಳಬೇಕು, ಏಕೆಂದರೆ ನಿಮ್ಮ ಆಯ್ಕೆಯ ಅರ್ಧಭಾಗವನ್ನು ಅದೇ ನಿರ್ಧರಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಕೆಲವು ಕೋವಿಗಳಿಗೆ ಸುಲಭದ ದಾರಿಯನ್ನು ಇಟ್ಟಿದೆ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ (ಒಳಗೆ ರೈಫಲ್‌ನಂತೆ ಸುರುಳಿ ಗೆರೆಗಳಿಲ್ಲದ) ತೋಟಾ ಕೋವಿ. ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ .22 (ಇಂಚಿನಲ್ಲಿ ನಳಿಗೆಯ ವ್ಯಾಸ) ರೈಫಲ್ ಅಥವಾ ಏರ್ ರೈಫಲ್. ಇವುಗಳ ಹೊರತಾದ ರೈಫಲ್ ಬೇಕೆಂದರೆ ತಕ್ಕ ಕಾರಣವಿದೆಯೆಂದು ಪರವಾನಗಿ ಅಧಿಕಾರಿಗೆ ಒಪ್ಪಿಗೆಯಾಗಬೇಕು. ಅಡಿಕೆ ತೋಟಕ್ಕೆ ಹಂದಿ ಬರುತ್ತದೆ ಎಂಬ ಕಾರಣ ಕೊಟ್ಟು ರೈಫಲ್ ಕೇಳುವವರು ಕಾಯ್ದೆ ಆ ಕಾರಣಕ್ಕೆ ಕೋವಿಯನ್ನು ಮುಂದಿಟ್ಟಿದೆಯೇ ಹೊರತು ರೈಫಲನ್ನಲ್ಲ ಎಂಬುದನ್ನು ಗಮನಿಸಬೇಕು. ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿಯವರಿಗೆ ಪರವಾನಗಿ ಅಧಿಕಾರಿ ಪೊಲೀಸ್ ಕಮಿಷನರ್. ಜಿಲ್ಲೆಯ ಉಳಿದ ತಾಲೂಕುಗಳಿಗೆ ಜಿಲ್ಲಾಧಿಕಾರಿ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು.

ಪರವಾನಗಿ ಇದ್ದ ಮಾತ್ರಕ್ಕೆ ತೋಟಕ್ಕೆ ಬಂದ ಪ್ರಾಣಿಗೆ ಈಡು ಹೊಡೆಯಬಹುದೆಂದು ತಿಳಿಯಬಾರದು. ಕಾಟಿ (ಕಾಡುಕೋಣ) ಮತ್ತು ನವಿಲು ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿರುವ ಕಾಡುಹಂದಿಯನ್ನು ಕೊಲ್ಲಬೇಕಾದರೂ 11ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಕೈಯಲ್ಲಿರಬೇಕು.

ನಳಿಗೆಯ ವ್ಯಾಸದ ವಿಷಯದಲ್ಲಿ ಇನ್ನೊಂದು ಗೆರೆಯಿದೆ. ಸೈನ್ಯ ಮತ್ತು ಪೊಲೀಸರ ತೋಟಾ ಹಿಡಿಯುವ .303 ಹಾಗೂ 7.62 ಮಿ.ಮೀ. ರೈಫಲ್‌ಗಳು ನಿಷೇಧಿತ ವರ್ಗಕ್ಕೆ ಸೇರುತ್ತವೆ. ಸಾಮಾನ್ಯ ಪರವಾನಗಿಯಲ್ಲಿ ಅವು ಸಿಗುವುದಿಲ್ಲ. ಹೀಗಾಗಿ ನಾಗರಿಕರಿಗೆ ಉಳಿಯುವುದು ಮುಖ್ಯವಾಗಿ .22, .315 ಮತ್ತು .30-06. ಹೊರಗಿನಿಂದ ಖಾಸಗಿಯಾಗಿ ಬಂದೂಕು ತರಿಸುವುದನ್ನು ಸರ್ಕಾರ 1980ರ ದಶಕದಲ್ಲೇ ತಡೆದಿದ್ದರಿಂದ, ಅದಕ್ಕೂ ಮೊದಲು ಬಂದ ಮೌಸರ್, ಬ್ರನೋ, ವಿಂಚೆಸ್ಟರ್‌ಗಳೇ ಕೈಯಿಂದ ಕೈಗೆ ಸುತ್ತುತ್ತಿವೆ. ಅವುಗಳ ಬೆಲೆಗೂ ಗುಣಕ್ಕೂ ಈಗ ಸಂಬಂಧ ಉಳಿದಿಲ್ಲ. ಬ್ರನೋ ಎಂಬ ಅಕ್ಷರಗಳಿಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಕಡಿಮೆ ಖರ್ಚು ಬಯಸುವವರು ಆ ಪೈಪೋಟಿಗೆ ಇಳಿಯದಿರುವುದು ಒಳ್ಳೆಯದು.

ನಿಜವಾಗಿಯೂ ಅಗ್ಗದ ದಾರಿಯೊಂದು ನಿಯಮಗಳಲ್ಲೇ ಇದೆ, ಅದರ ಬಗ್ಗೆ ಹೆಚ್ಚಿನ ಮನೆಗಳಲ್ಲಿ ಗೊತ್ತಿರುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರು ತೀರಿಕೊಂಡ ಮೇಲೆ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗಲೂ ಕಾನೂನುಬದ್ಧ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಮನೆಯ ಕಬ್ಬಿಣದ ಕಪಾಟಿನಲ್ಲಿ ಹಳೆಯ ರೈಫಲ್ ಇದ್ದರೆ ಹೊಸದಕ್ಕೆ ಹಣ ಹೊಂದಿಸುವ ಮೊದಲು ಈ ಅರ್ಜಿಯ ಬಗ್ಗೆ ವಿಚಾರಿಸಿ. 2019ರ ತಿದ್ದುಪಡಿಯಿಂದಾಗಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಎರಡೇ ಜಾಗವಿರುವಾಗ ಒಂದನ್ನು ಆತುರದಲ್ಲಿ ತುಂಬಿಸಬಾರದು.

ಯಾವ ತೋಟಾದ ರೈಫಲ್

ಶಕ್ತಿಯ ಅಳತೆಯನ್ನು ಜೂಲ್‌ಗಳಲ್ಲಿ ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. 4.5 ಮಿ.ಮೀ.ಗಿಂತ ದೊಡ್ಡದಲ್ಲದ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿಯೇ ಬೇಡ. 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡಿನ .22 ಲಾಂಗ್ ರೈಫಲ್ ತೋಟಾದ ಶಕ್ತಿ ಸಾಮಾನ್ಯವಾಗಿ 200 ಜೂಲ್‌ನ ಒಳಗೇ ಇರುತ್ತದೆ. 1906ರಲ್ಲಿ ಅಮೆರಿಕದ ಸೈನ್ಯ ಅಳವಡಿಸಿಕೊಂಡ .30-06 ತೋಟಾ 150ರಿಂದ 180 ಗ್ರೇನ್ ಗುಂಡನ್ನು ಸೆಕೆಂಡಿಗೆ 800 ಮೀಟರಿಗೂ ಮಿಕ್ಕಿದ ವೇಗದಲ್ಲಿ ಕಳಿಸುತ್ತದೆ. ಶಕ್ತಿ 4000 ಜೂಲ್‌ನ ಹತ್ತಿರಕ್ಕೆ ಹೋಗುತ್ತದೆ. .315 ಇವೆರಡರ ನಡುವೆ, ಆದರೆ .30-06ರ ಕಡೆಗೇ ಹೆಚ್ಚು ಸರಿದಿದೆ. ಅದರ ಗುಂಡು ಭಾರವಾದದ್ದು, ವೇಗ ಕಡಿಮೆ.

ಈ ಅಂಕಿಗಳನ್ನು ನಮ್ಮ ನೆಲದ ಮೇಲೆ ಇಟ್ಟು ನೋಡಬೇಕು. ಬಯಲುಸೀಮೆಯಂತೆ ಇಲ್ಲಿ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ ಇರುವುದಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ, ಗುಡ್ಡೆಯ ಬದಿಯಲ್ಲಿ, ಗದ್ದೆಯ ಆಚೆ ಹರಡಿಕೊಂಡಿದೆ. ಅಡಿಕೆ ಮರಗಳ ಸಾಲಿನಾಚೆ ಯಾರ ಅಂಗಳವಿದೆಯೆಂದು ಇಲ್ಲಿಂದ ಕಾಣುವುದಿಲ್ಲ. .22 ಗುಂಡೇ ಮೇಲ್ಮುಖವಾಗಿ ಹಾರಿದರೆ ಒಂದೂವರೆ ಕಿಲೋಮೀಟರ್‌ನಷ್ಟು ಹೋಗಬಲ್ಲದು, .30-06 ಗುಂಡು ಮೂರು ಕಿಲೋಮೀಟರನ್ನೂ ಮೀರಬಲ್ಲದು. ಮುರಕಲ್ಲಿನ ದರೆಗೆ ಅಥವಾ ಪಾದೆಗೆ ತಗುಲಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಯಾರೂ ಹೇಳಲಾರರು. ಆದುದರಿಂದ ದೊಡ್ಡ ರೈಫಲ್‌ನ ಶಕ್ತಿಯನ್ನು ಕರಾವಳಿಯಲ್ಲಿ ಹೊರತೆಗೆಯಲು ರೇಂಜ್ (ಗುರಿ ಅಭ್ಯಾಸಕ್ಕೆಂದೇ ಇರುವ ಜಾಗ) ಬಿಟ್ಟರೆ ಬೇರೆ ಜಾಗವಿಲ್ಲ, ಮತ್ತು ಇಲ್ಲಿ ಸಿಗುವ ರೇಂಜ್‌ಗಳಲ್ಲಿ ಉದ್ದನೆಯ ದೂರ ಅಪರೂಪ.

ಗುರಿ ಅಭ್ಯಾಸವೇ ಉದ್ದೇಶವಾಗಿದ್ದರೆ ನನ್ನ ಸಲಹೆ .22 ಬೋಲ್ಟ್ ರೈಫಲ್. ಅದರ ತೋಟಾ ಉಳಿದವುಗಳಿಗಿಂತ ಅಗ್ಗ, ಹಿಂದೊದೆತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೆಚ್ಚು ಈಡು ಹೊಡೆದವರಿಗೇ ಗುರಿ ಒಲಿಯುತ್ತದೆ. ದುಬಾರಿ ತೋಟಾದ ರೈಫಲ್ ಕೊಂಡವರು ವರ್ಷಕ್ಕೆ ಹತ್ತು ಈಡು ಹೊಡೆದು ಕಪಾಟಿಗೆ ಸೇರಿಸುವುದು ಸಾಮಾನ್ಯ. ಆದರೆ .22 ಕಾಗದದ ಗುರಿಗೆ ಮಾತ್ರ ಎಂಬುದು ನೆನಪಿರಲಿ. ಹಂದಿಯಂಥ ಪ್ರಾಣಿಗೆ ಆದೇಶ ಪತ್ರವಿದ್ದರೂ ಅದನ್ನು ಬಳಸುವುದು ಕ್ರೌರ್ಯ. ಗಾಯಗೊಂಡ ಹಂದಿ ಕೆಲಸಕ್ಕೆ ಬಂದ ಆಳುಗಳ ಮೇಲೆ ತಿರುಗಿ ಬೀಳುವ ಅಪಾಯವೂ ಇದೆ. ಆ ಕೆಲಸಕ್ಕೆ ಹತ್ತಿರದ ದೂರದಲ್ಲಿ ದಪ್ಪ ಚರೆಯ 12 ಬೋರ್ ಕೋವಿಯೇ ಸರಿ.

ರಕ್ಷಣೆಗೆಂದು ರೈಫಲ್ ಪರವಾನಗಿ ಇರುವವರಿಗೆ .315 ಸಾಕು. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ಈ ರೈಫಲ್ ಐದು ತೋಟಾ ಹಿಡಿಯುತ್ತದೆ; ಅದರ ಯಂತ್ರ ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯದು. .303ರ ಬಳಕೆ ನಾಗರಿಕರಿಗೆ ಇಲ್ಲದ ಕಾರಣ ಆಸ್ಟ್ರಿಯಾದ 8 ಮಿ.ಮೀ. ಮಾನ್‌ಲಿಕರ್ ತೋಟಾವನ್ನು ಅದೇ ಬಗೆಯ ರೈಫಲ್‌ಗೆ ಹೊಂದಿಸಿದ್ದು ಇದರ ಹಿನ್ನೆಲೆ. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಕಾರ್ಖಾನೆ ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದೆ. ನಯಗಾರಿಕೆಯಲ್ಲಿ ಇದು ವಿದೇಶಿ ರೈಫಲ್‌ಗಳಿಗೆ ಸರಿಸಾಟಿಯಲ್ಲ. ಬೋಲ್ಟ್ ಒರಟಾಗಿ ಓಡುತ್ತದೆ, ಟ್ರಿಗರ್ ಭಾರ. ಆದರೆ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರು ಸಿಗುತ್ತಾರೆ. .30-06ನ್ನು ಆರಿಸುವುದಾದರೆ ರೈಫಲ್‌ಗಿಂತ ಮೊದಲು ತೋಟಾ ವಿಚಾರಿಸಿ: ಮಂಗಳೂರಿನ ಕೋವಿ ಅಂಗಡಿಯಲ್ಲಿ ಈ ವರ್ಷ ಎಷ್ಟು ಪೆಟ್ಟಿಗೆ ಬಂದಿತ್ತು, ಬೆಲೆ ಎಷ್ಟು, ಮುಂದಿನ ಸರಕು ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಬಾರದಿದ್ದರೆ ಆ ಆಸೆಯನ್ನು ಬಿಡುವುದೇ ಲೇಸು.

ಹಣದ ಹಂಚಿಕೆಗೆ ಒಂದು ಅಂದಾಜು ಹೇಳುವುದಾದರೆ, ಒಟ್ಟು ಮೊತ್ತದ ನೂರರಲ್ಲಿ ಅರುವತ್ತು ಪಾಲು ರೈಫಲ್‌ಗೆ, ಇಪ್ಪತ್ತೈದು ಪಾಲು ಸ್ಕೋಪ್ ಮತ್ತು ಮೌಂಟ್‌ಗೆ, ಉಳಿದದ್ದು ತೋಟಾ, ರೇಂಜ್ ಶುಲ್ಕ ಮತ್ತು ಎಣ್ಣೆ ಬಟ್ಟೆಗಳಿಗೆ ಇರಲಿ.

ಹಳೆಯ ರೈಫಲನ್ನು ಪರೀಕ್ಷಿಸುವ ಬಗೆ

ಕಡಿಮೆ ಖರ್ಚು ಎಂದ ಕೂಡಲೇ ಬಳಸಿದ ರೈಫಲ್ ಎಂದೇ ಅರ್ಥ. ಪರೀಕ್ಷೆಯನ್ನು ಹಗಲಿನ ಬೆಳಕಿನಲ್ಲಿ ಮಾಡಬೇಕು. ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಮಾರುವವರು ಎಷ್ಟೇ ಪರಿಚಿತರಾಗಿದ್ದರೂ ಇದನ್ನು ಬಿಡಬಾರದು. ಆಮೇಲೆ ಬೋಲ್ಟನ್ನು ಪೂರ್ತಿ ಹೊರತೆಗೆದು ಅದರ ಮೇಲಿನ ಸಂಖ್ಯೆಯನ್ನೂ ರೈಫಲ್ ಮೈಮೇಲಿನ ಸಂಖ್ಯೆಯನ್ನೂ ಪರವಾನಗಿ ಪುಸ್ತಕದ ಸಂಖ್ಯೆಯನ್ನೂ ಹೋಲಿಸಿ. ಬೋಲ್ಟ್ ಬೇರೆ ರೈಫಲ್‌ನದಾಗಿದ್ದರೆ ಅದು ಬೀಗಕ್ಕೆ ಬೇರೆ ಮನೆಯ ಕೀಲಿ ಹಾಕಿದಂತೆ: ತಿರುಗಿದರೂ ನಂಬುವಂತಿಲ್ಲ. ತೋಟಾದ ಹಿಂಭಾಗಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಅಂತರ ಹೆಚ್ಚಾದರೆ ತೋಟಾದ ಹಿತ್ತಾಳೆ ಕವಚ ಒಡೆದು ಬಿಸಿ ಹೊಗೆ ಮುಖಕ್ಕೆ ಬರಬಹುದು. ಈ ಅಂತರವನ್ನು ಅಳೆಯುವ ಗೇಜ್ ರಿಪೇರಿಯವರಲ್ಲಿರುತ್ತದೆ, ಅಳೆಸದೆ ಮುಂಗಡ ಕೊಡಬೇಡಿ.

ಬೋಲ್ಟ್ ಹೊರಗಿರುವಾಗಲೇ ನಳಿಗೆಯನ್ನು ಬೆಳಕಿನ ಕಡೆಗೆ ಹಿಡಿದು ಹಿಂಬದಿಯಿಂದ ನೋಡಿ. ಮೊದಲು ಒಣ ಬಟ್ಟೆಯನ್ನು ಒಮ್ಮೆ ಎಳೆಯಿರಿ, ಏಕೆಂದರೆ ದಪ್ಪ ಎಣ್ಣೆ ಬಳಿದ ನಳಿಗೆಯಲ್ಲಿ ಎಲ್ಲವೂ ಮಿರುಗುತ್ತದೆ. ಸುರುಳಿ ಗೆರೆಗಳು ಬಾಯಿಯವರೆಗೂ ಚೂಪಾಗಿ ಕಾಣಬೇಕು. ಉಂಗುರದಂಥ ಕಪ್ಪು ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ ಎಂದರ್ಥ, ಅಂಥದನ್ನು ಯಾವ ಬೆಲೆಗೂ ಕೊಳ್ಳಬಾರದು. ಚುಕ್ಕೆಚುಕ್ಕೆಯಾಗಿ ಕಾಣುವುದು ತುಕ್ಕು ತಿಂದ ಗುಳಿಗಳು. ಹಳೆಯ ಕಾಲದ ತೋಟಾಗಳ ಕೇಪಿನಲ್ಲಿದ್ದ (ಮದ್ದಿಗೆ ಕಿಡಿ ಹಚ್ಚುವ ಭಾಗ) ಲವಣ ನಳಿಗೆಯಲ್ಲಿ ಉಳಿದು ಗಾಳಿಯ ತೇವವನ್ನು ಹೀರುತ್ತಿತ್ತು. ಮಲ್ಪೆಯಿಂದ ಉಳ್ಳಾಲದವರೆಗಿನ ಉಪ್ಪುಗಾಳಿಯಲ್ಲಿ ಇದ್ದ ರೈಫಲ್‌ಗಳಲ್ಲಿ ಈ ಗುಳಿಗಳು ಇಲ್ಲದಿದ್ದರೇ ಆಶ್ಚರ್ಯ. ಅಲ್ಲಲ್ಲಿ ಸಣ್ಣ ಗುಳಿಗಳಿದ್ದು ಗೆರೆಗಳು ಚೂಪಾಗಿದ್ದರೆ 50 ಮೀಟರ್‌ನ ಕೆಲಸಕ್ಕೆ ತೊಂದರೆಯಿಲ್ಲ, ಬೆಲೆ ಇಳಿಸಲು ಅದೇ ಒಳ್ಳೆಯ ಕಾರಣ. ನಳಿಗೆಯ ಬಾಯಿಯ ಅಂಚಿನಲ್ಲಿ ಜಜ್ಜಿದ ಗುರುತಿದ್ದರೆ ಮಾತ್ರ ಯೋಚಿಸಬೇಕು: ಗುಂಡು ನಳಿಗೆಯನ್ನು ಬಿಡುವ ಕೊನೆಯ ಜಾಗ ಅದು, ಅಲ್ಲಿನ ವಕ್ರತೆ ಗುರಿಯನ್ನು ಕೆಡಿಸುತ್ತದೆ. ಅದನ್ನು ಹೊಸದಾಗಿ ಕಡೆದು ಸರಿಪಡಿಸಬಹುದು, ಆದರೆ ಪರವಾನಗಿ ಇರುವ ರಿಪೇರಿಯವರಿಂದ ಮಾತ್ರ. ನಳಿಗೆಯನ್ನು ಗಿಡ್ಡ ಮಾಡುವುದು ಕಾನೂನಿನಲ್ಲಿ ಅಪರಾಧ.

ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಮೌಸರ್ 98 ಮಾದರಿಯಲ್ಲಿ ಹಿಡಿಯನ್ನು ಮೇಲೆತ್ತುವಾಗ. ಇದು ತಿಳಿಯದೆ ಒಂದನ್ನು ಬಳಸಿದವರು ಇನ್ನೊಂದನ್ನು ‘ಹಿಡಿಯುತ್ತದೆ’ ಎಂದು ತಳ್ಳಿಹಾಕುತ್ತಾರೆ. ಟ್ರಿಗರ್ ಮೊದಲು ಸಡಿಲವಾಗಿ ಬಂದು ಆಮೇಲೆ ಬಿಗಿಯಾದರೆ ಅದೂ ದೋಷವಲ್ಲ, ಸೈನ್ಯದ ರೈಫಲ್‌ಗಳಿಂದ ಬಂದ ಎರಡು ಹಂತದ ಟ್ರಿಗರ್ ಹಾಗೆಯೇ. ದೋಷವೆಂದರೆ ಬೇರೆ: ತೋಟಾ ಇಲ್ಲದ ರೈಫಲನ್ನು ಬಿಗಿ ಮಾಡಿ, ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಎರಡು ಮೂರು ಬಾರಿ ಕುಟ್ಟಿದಾಗ ತೋಟಾಕ್ಕೆ ಬಡಿಯುವ ಪಿನ್ನು ತಾನಾಗಿ ಬಿದ್ದರೆ, ಅಥವಾ ಸೇಫ್ಟಿ ಹಾಕಿ ಟ್ರಿಗರ್ ಎಳೆದು ಮತ್ತೆ ಸೇಫ್ಟಿ ತೆಗೆದಾಗ ಬಿದ್ದರೆ, ಆ ರೈಫಲನ್ನು ಅಲ್ಲಿಯೇ ಬಿಟ್ಟು ಬನ್ನಿ.

ಮರದ ಭಾಗವನ್ನು ಹೆಚ್ಚಿನವರು ಚೆಂದಕ್ಕಷ್ಟೇ ನೋಡುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿದು ಹಿಗ್ಗುತ್ತದೆ, ಮಾರ್ಚ್ ಏಪ್ರಿಲ್‌ಗಳಲ್ಲಿ ಕುಗ್ಗುತ್ತದೆ. ಹಿಗ್ಗಿದ ಮರ ನಳಿಗೆಯನ್ನು ಒಂದು ಬದಿಗೆ ಒತ್ತಿದರೆ ಬೇಸಿಗೆಯಲ್ಲಿ ಕೂಡಿಸಿದ ಗುರಿ ಮಳೆಗಾಲದಲ್ಲಿ ತಪ್ಪುತ್ತದೆ. ನಳಿಗೆ ಮರಕ್ಕೆ ತಾಗದಂತೆ ತೇಲಿಸಿ ಕೂರಿಸಿದ ರೈಫಲ್ ಆದರೆ ಒಂದು ನೋಟಿನ ಅಗಲದ ಕಾಗದದ ಪಟ್ಟಿಯನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಕ್ಕೆ ಎಳೆದು ನೋಡಿ, ಎಲ್ಲಿಯೂ ಸಿಕ್ಕಿಕೊಳ್ಳದೆ ಸರಿಯಬೇಕು. ಲೀ ಮಾದರಿಗಳಲ್ಲಿ ಮರ ನಳಿಗೆಗೆ ತಾಗಿಯೇ ಇರುವುದುಂಟು; ಅಲ್ಲಿ ಒತ್ತಡ ಎರಡೂ ಬದಿ ಸಮವಾಗಿದೆಯೇ ಎಂದಷ್ಟೇ ನೋಡಬೇಕು. ಬೋಲ್ಟಿನ ಹಿಂದೆ ಮರ ಸೀಳಿದ್ದರೆ ಹಿಂದೊದೆತಕ್ಕೆ ಅದು ಇನ್ನಷ್ಟು ಸೀಳುತ್ತದೆ.

ವ್ಯವಹಾರದ ಕಾಗದಕ್ಕೂ ಸಮಯ ಬೇಕು. ಪರವಾನಗಿದಾರರು ತಮ್ಮ ಕೋವಿಯನ್ನು ನೇರವಾಗಿ ಇನ್ನೊಬ್ಬ ಪರವಾನಗಿದಾರರಿಗೆ ಮಾರುವ ಮೊದಲು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆಯಬೇಕು. ಅಂಗಡಿಯ ಮೂಲಕ ಹೋದರೆ ಸ್ವಲ್ಪ ಕಮಿಷನ್ ಹೋಗುತ್ತದೆ, ಆದರೆ ಪುಸ್ತಕದ ನಮೂದುಗಳು ಸರಿಯಾಗಿ ಆಗುತ್ತವೆ. ಮೊದಲ ಬಾರಿ ಕೊಳ್ಳುವವರಿಗೆ ಆ ಕಮಿಷನ್ ದಂಡವಲ್ಲ.

ಸ್ಕೋಪ್

ಮೊದಲ ಪ್ರಶ್ನೆ, ಸ್ಕೋಪ್ ಬೇಕೇ ಎಂಬುದು. ಹತ್ತು ಮೀಟರ್ ಏರ್ ರೈಫಲ್ ಅಥವಾ 50 ಮೀಟರ್ .22ರ ಅಂತರರಾಷ್ಟ್ರೀಯ ಮಾದರಿಯ ಸ್ಪರ್ಧೆಗಳಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಅಲ್ಲಿ ಹಿಂದೆ ಸಣ್ಣ ತೂತಿನ, ಮುಂದೆ ಉಂಗುರದ ಸೈಟ್. ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ಆಸೆಯಿರುವ ತಂದೆತಾಯಂದಿರು ಸ್ಕೋಪ್‌ಗೆಂದು ಇಟ್ಟ ಹಣವನ್ನು ತೋಟಾಕ್ಕೆ ಸೇರಿಸಬಹುದು.

ಬೇಕೆನ್ನುವವರು ಸ್ಕೋಪ್ ಮೇಲಿನ ಅಂಕಿಗಳನ್ನು ಓದಲು ಕಲಿಯಬೇಕು. 4x32 ಎಂದರೆ ವಸ್ತು ನಾಲ್ಕು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಮಸೂರದ ವ್ಯಾಸ 32 ಮಿ.ಮೀ. ನೂರು ಮೀಟರ್ ಆಚೆಯದು ಬರಿಗಣ್ಣಿಗೆ 25 ಮೀಟರ್‌ನಲ್ಲಿದ್ದಂತೆ ಕಾಣುತ್ತದೆ. 3-9x40 ಎಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಿಸಬಹುದು. ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ: 4x32ರಲ್ಲಿ 8 ಮಿ.ಮೀ., 3-9x40ನ್ನು ಒಂಬತ್ತಕ್ಕೆ ತಿರುಗಿಸಿದಾಗ 4.4 ಮಿ.ಮೀ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿ.ಮೀ.ವರೆಗೆ ಹಿಗ್ಗುವುದರಿಂದ, ಮೋಡ ಕವಿದ ದಿನ ಅಗ್ಗದ 4x32 ಮೂಲಕ ಕಾಣುವ ಚಿತ್ರ ಅದೇ ದರ್ಜೆಯ, ಒಂಬತ್ತು ಪಟ್ಟಿಗೆ ತಿರುಗಿಸಿದ ಸ್ಕೋಪಿನ ಚಿತ್ರಕ್ಕಿಂತ ಬೆಳಗಿರುತ್ತದೆ. ಹೆಚ್ಚು ಪಟ್ಟಿನ ಸ್ಕೋಪ್ ಕೈಯ ನಡುಕವನ್ನೂ ಅಷ್ಟೇ ಪಟ್ಟು ತೋರಿಸುತ್ತದೆ, ಕಾಣುವ ಅಗಲವನ್ನು ಕಿರಿದಾಗಿಸುತ್ತದೆ. 50ರಿಂದ 100 ಮೀಟರ್‌ನ ಒಳಗೆ ಕೆಲಸವಿರುವ ನಮಗೆ ನಾಲ್ಕು ಪಟ್ಟಿನ ಸ್ಥಿರ ಸ್ಕೋಪ್ ಸಾಕು. ಬದಲಿಸುವ ಸ್ಕೋಪಿನಲ್ಲಿ ಒಳಗಿನ ಚಲಿಸುವ ಭಾಗಗಳಿಗೆ ಹೋಗುವ ಹಣ ಇಲ್ಲಿ ಗಾಜಿಗೆ ಹೋಗುತ್ತದೆ. 6-24x50ರಂಥ ದೊಡ್ಡ ಅಂಕಿಗಳನ್ನು ಬರೆದು ನಾಲ್ಕು ಸಾವಿರಕ್ಕೆ ಮಾರುವ ಸ್ಕೋಪ್‌ಗಳಲ್ಲಿ ಆ ಅಂಕಿಗಳಷ್ಟೇ ದೊಡ್ಡವು. ಹೆಸರಾಂತ ಕಂಪನಿಗಳ ಹೆಸರು ಅಚ್ಚೊತ್ತಿದ ನಕಲಿಗಳೂ ಆನ್‌ಲೈನ್‌ನಲ್ಲಿ ಓಡಾಡುತ್ತವೆ. ಕ್ರಮಸಂಖ್ಯೆ, ವಾರಂಟಿ ಮತ್ತು ಬಿಲ್ ಇಲ್ಲದ್ದನ್ನು ಮುಟ್ಟಬೇಡಿ. ಗಲ್ಫ್‌ನಿಂದ ರಜೆಗೆ ಬರುವ ಬಾವನೋ ತಮ್ಮನೋ ತಂದುಕೊಟ್ಟಾರೆಂಬ ಯೋಚನೆಯಿದ್ದರೆ, ಅವರು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಮೊದಲೇ ಕಸ್ಟಮ್ಸ್‌ನಲ್ಲಿ ವಿಚಾರಿಸಿಕೊಳ್ಳುವುದು ಅವರಿಗೂ ನಿಮಗೂ ಕ್ಷೇಮ.

ರೈಫಲ್‌ಗೆ ತಕ್ಕ ಸ್ಕೋಪ್ ಆರಿಸುವುದೂ ಮುಖ್ಯ. .30-06 ಅಥವಾ .315ಕ್ಕೆ ಹಾಕುವ ಸ್ಕೋಪ್‌ನಿಂದ ಕಣ್ಣಿಗೆ ಸುಮಾರು 9 ಸೆಂ.ಮೀ. ದೂರವಾದರೂ ಇರಬೇಕು, ಇಲ್ಲದಿದ್ದರೆ ಹಿಂದೊದೆತಕ್ಕೆ ಹುಬ್ಬು ಸೀಳುತ್ತದೆ. ದೊಡ್ಡ ರೈಫಲ್‌ಗಳ ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತದೆ, .22ರದ್ದು 50 ಗಜಕ್ಕೆ. ಒಂದನ್ನು ಇನ್ನೊಂದಕ್ಕೆ ಹಾಕಿದರೆ ತಲೆ ಸ್ವಲ್ಪ ಅಲುಗಿದಾಗ ಸ್ಕೋಪಿನೊಳಗೆ ಕಾಣುವ ಗುರಿಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ಗೆ ಹಾಕುವವರು ‘ಏರ್‌ಗನ್‌ಗೆ ಯೋಗ್ಯ’ ಎಂದು ಕಂಪನಿಯೇ ಹೇಳಿದ್ದನ್ನಷ್ಟೇ ಕೊಳ್ಳಬೇಕು. ಅಲ್ಲಿ ಒದೆತ ಹಿಂದಕ್ಕೂ ಮುಂದಕ್ಕೂ ಬರುವುದರಿಂದ ಸಾಮಾನ್ಯ ಸ್ಕೋಪಿನ ಮಸೂರಗಳು ಸಡಿಲಗೊಳ್ಳುತ್ತವೆ.

ತೇವದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಮುಚ್ಚಿದ ಸ್ಕೋಪೇ ಬೇಕು. ಇದನ್ನು ಪರೀಕ್ಷಿಸಲು ಮಂಗಳೂರಿನ ಹವೆಯೇ ಸಾಕು: ಎ.ಸಿ. ಕೋಣೆಯಲ್ಲಿ ಒಂದು ಗಂಟೆ ಇಟ್ಟ ಸ್ಕೋಪನ್ನು ಹೊರಗೆ ತಂದು ಮಸೂರದ ಹೊರಮೈಯನ್ನು ಮೃದು ಬಟ್ಟೆಯಿಂದ ಒರೆಸಿ ನೋಡಿ. ಹೊರಗಿನ ಮಂಜು ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದೆ ಒಳಗೆ ಮಂಜು ನಿಂತಿದ್ದರೆ ಮುಚ್ಚಿಗೆ ಸರಿಯಿಲ್ಲ, ಮುಂದಿನ ಮಳೆಗಾಲದಲ್ಲಿ ಅಲ್ಲಿಯೇ ಬೂಷ್ಟು ಹಿಡಿಯುತ್ತದೆ.

ಮೌಂಟ್ ಮತ್ತು ಗುರಿ ಕೂಡಿಸುವುದು

ಏರ್ ರೈಫಲ್ ಮತ್ತು ಹೆಚ್ಚಿನ .22ಗಳ ಮೇಲೆ 11 ಮಿ.ಮೀ. ಅಗಲದ ಕೊರೆದ ಹಳಿಯಿರುತ್ತದೆ. ದೊಡ್ಡ ರೈಫಲ್‌ಗಳಿಗೆ ವೀವರ್ ಅಥವಾ ಪಿಕಾಟಿನ್ನಿ ಎಂಬ ಅಗಲವಾದ ಹಳಿ. ಎರಡರ ಉಂಗುರಗಳು ಒಂದಕ್ಕೊಂದು ಹೊಂದುವುದಿಲ್ಲ. ಹಳೆಯ .315ಗಳಲ್ಲಿ ಹಳಿಯೇ ಇರುವುದಿಲ್ಲ, ತೂತು ಕೊರೆದು ಅದರಲ್ಲಿ ಸ್ಕ್ರೂ ಗೆರೆ ಹಾಕಿ ಕೂರಿಸಬೇಕು. ಆ ಕೆಲಸವನ್ನು ಲೇತ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸುವಂತಿಲ್ಲ. ಕೋವಿ ರಿಪೇರಿಯ ಪರವಾನಗಿ ಇರುವವರಿಂದಲೇ ಮಾಡಿಸಬೇಕು, ಮಾಡಿಸುವ ಖರ್ಚನ್ನು ರೈಫಲ್ ಬೆಲೆಯೊಂದಿಗೆ ಮೊದಲೇ ಕೂಡಿಸಿ ನೋಡಬೇಕು. ಎಷ್ಟೋ ವೇಳೆ ಈ ಲೆಕ್ಕ ಮಾಡಿದಾಗ .315ಕ್ಕೆ ಇರುವ ಸೈಟೇ ಸಾಕೆಂದು ತೋರುತ್ತದೆ, ನನಗೂ ಹಾಗೆಯೇ ತೋರುತ್ತದೆ. ಹಳೆಯ ಮೌಸರ್‌ಗಳಲ್ಲಿ ಇನ್ನೊಂದು ತೊಡಕಿದೆ: ನೆಟ್ಟಗೆ ನಿಂತ ಬೋಲ್ಟಿನ ಹಿಡಿ ಮತ್ತು ರೆಕ್ಕೆಯಂಥ ಸೇಫ್ಟಿ ಮೇಲೇಳುವಾಗ ಸ್ಕೋಪ್‌ಗೆ ತಾಗುತ್ತವೆ.

ಉಂಗುರದ ಸ್ಕ್ರೂಗಳನ್ನು ಕೈಬಲದಲ್ಲಿ ಬಿಗಿದರೆ ಸ್ಕೋಪಿನ ಕೊಳವೆ ಜಜ್ಜುತ್ತದೆ. ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್, ಅಂದರೆ 2 ನ್ಯೂಟನ್-ಮೀಟರ್‌ನ ಆಸುಪಾಸು ಸಾಕು. ಮೌಂಟಿನ ಜೊತೆ ಬರುವ ಕಾಗದದಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ. ಎರಡೂ ಬದಿಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಅದಲುಬದಲಾಗಿ ಬಿಗಿಯಬೇಕು. ಗುರಿ ತಪ್ಪುತ್ತಿದೆಯೆಂದು ಸ್ಕೋಪನ್ನು ಬೈಯುವವರಲ್ಲಿ ಹೆಚ್ಚಿನವರ ರೈಫಲ್‌ನಲ್ಲಿ ಸಡಿಲವಾಗಿರುವುದು ಕೆಳಗಿನ ಹಳಿಯ ಸ್ಕ್ರೂ.

ಗುರಿ ಕೂಡಿಸುವ, ಅಂದರೆ ಗುಂಡು ಬೀಳುವಲ್ಲಿಗೇ ಸ್ಕೋಪಿನ ಗುರಿಗೆರೆಯನ್ನು ತರುವ ಕೆಲಸ ಪರವಾನಗಿ ಪಡೆದ ರೇಂಜ್‌ನಲ್ಲೇ ಆಗಬೇಕು. ಬೋಲ್ಟ್ ತೆಗೆದು, ಮರಳಿನ ಚೀಲಗಳ ಮೇಲೆ ರೈಫಲ್ ಅಲುಗದಂತೆ ಇಟ್ಟು, ನಳಿಗೆಯೊಳಗಿಂದ 25 ಮೀಟರ್‌ನ ಗುರಿ ನಡುವಿಗೆ ಬರುವಂತೆ ಮಾಡಿ. ಅದನ್ನು ಅಲುಗಿಸದೆ ಸ್ಕೋಪಿನ ಗುರಿಗೆರೆಯನ್ನೂ ಅಲ್ಲಿಗೇ ತನ್ನಿ. ಇಷ್ಟರಿಂದಲೇ ಮೊದಲ ಈಡು ಕಾಗದಕ್ಕೆ ಬೀಳುತ್ತದೆ, ನಾಲ್ಕಾರು ತೋಟಾ ಉಳಿಯುತ್ತದೆ. ಬಳಿಕ ಮೂರು ಈಡು ಹೊಡೆದು ಮೂರರ ನಡುಬಿಂದುವನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದೊಂದು ಈಡಿಗೆ ಸ್ಕೋಪಿನ ತಿರುಪು ತಿರುಗಿಸುತ್ತಾ ಹೋದರೆ ಪೆಟ್ಟಿಗೆ ಖಾಲಿಯಾಗುತ್ತದೆಯೇ ಹೊರತು ಗುರಿ ಕೂಡುವುದಿಲ್ಲ. ಹೆಚ್ಚಿನ ಸ್ಕೋಪ್‌ಗಳಲ್ಲಿ ತಿರುಪಿನ ಒಂದು ಕ್ಲಿಕ್ ಎಂದರೆ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ಹಾಗಾದರೆ 25 ಮೀಟರ್‌ನಲ್ಲಿ 2 ಮಿ.ಮೀ.ಗೂ ಕಡಿಮೆ; ನಾಲ್ಕು ಸೆಂ.ಮೀ. ಕೆಳಗೆ ಬಿದ್ದಿದ್ದರೆ 22 ಕ್ಲಿಕ್ ಮೇಲಕ್ಕೆ ತಿರುಗಿಸಬೇಕು. ಕೊನೆಯ ಹೊಂದಿಕೆಯನ್ನು ನೀವು ನಿಜವಾಗಿ ಹೊಡೆಯುವ ದೂರದಲ್ಲಿ ಮಾಡಿ. ನೂರು ಮೀಟರ್‌ಗೆ ಕೂಡಿಸಿದ .30-06 ಗುಂಡು 200 ಮೀಟರ್‌ನಲ್ಲಿ ಹೆಚ್ಚುಕಡಿಮೆ 10 ಸೆಂ.ಮೀ. ಕೆಳಗಿರುತ್ತದೆ, ಅಷ್ಟು ದೂರದ ರೇಂಜ್ ಸಿಕ್ಕವರು ಯೋಚಿಸಬೇಕಾದ ಮಾತು ಅದು. ಹೊಸ ಸ್ಕೋಪಿನಲ್ಲಿ ಇನ್ನೊಂದು ಪರೀಕ್ಷೆಯಿದೆ: 20 ಕ್ಲಿಕ್ ಬಲಕ್ಕೆ, 20 ಮೇಲಕ್ಕೆ, 20 ಎಡಕ್ಕೆ, 20 ಕೆಳಕ್ಕೆ ತಿರುಗಿಸಿ ಪ್ರತಿ ಮೂಲೆಯಲ್ಲೂ ಹೊಡೆದರೆ ಕೊನೆಯ ಈಡು ಮೊದಲ ತೂತಿನ ಪಕ್ಕಕ್ಕೆ ಬರಬೇಕು. ಬಾರದಿದ್ದರೆ ವಾರಂಟಿ ಇರುವಾಗಲೇ ಹಿಂದಿರುಗಿಸಿ.

ಮಳೆಗಾಲ ಮತ್ತು ಚುನಾವಣೆ

ಕರಾವಳಿಯ ರೈಫಲ್‌ಗೆ ಶತ್ರು ಎರಡು. ಮಳೆಗಾಲದಲ್ಲಿ ರೈಫಲನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟರೆ ಚೀಲ ತೇವ ಹಿಡಿದಿಟ್ಟು ತುಕ್ಕು ತರುತ್ತದೆ. ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ, ಬೋಲ್ಟನ್ನೂ ತೋಟಾವನ್ನೂ ಬೇರೆ ಕಡೆ ಇಟ್ಟು, ಸಿಲಿಕಾ ಜೆಲ್ ಚೀಲಗಳನ್ನು ಹಾಕಿ. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಹದಿನೈದು ದಿನಕ್ಕೊಮ್ಮೆ ತೆಳುವಾದ ಗನ್ ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕೆಲವು ಮನೆಗಳಲ್ಲಿ ಎಳ್ಳೆಣ್ಣೆ ಬಳಿಯುವ ರೂಢಿಯಿದೆ, ಅದು ಕಾಲಕ್ರಮೇಣ ಅಂಟಾಗಿ ಬೋಲ್ಟನ್ನು ಹಿಡಿಯುತ್ತದೆ. ಹೊಡೆಯುವ ಮೊದಲು ನಳಿಗೆಯಲ್ಲಿನ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆಯಲೇಬೇಕು.

ಎರಡನೆಯದು ಚುನಾವಣೆ. ನೀತಿ ಸಂಹಿತೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಕೃಷಿಕರಿಗೆ ವಿನಾಯಿತಿ ಬೇಕೆಂಬ ಬೇಡಿಕೆ ಈ ಎರಡು ಜಿಲ್ಲೆಗಳಲ್ಲಿ ಪ್ರತಿ ಬಾರಿಯೂ ಕೇಳಿಬರುವುದು ಎಲ್ಲರಿಗೂ ತಿಳಿದದ್ದೇ. ಬೇಸಿಗೆಯ ಸೆಕೆಯಲ್ಲಿ ವಾರಗಟ್ಟಲೆ ಬೇರೆಯವರ ಕೋಣೆಯಲ್ಲಿರುವ ರೈಫಲ್‌ಗೆ ಕೊಡುವ ದಿನ ನಳಿಗೆಯೊಳಗೂ ಹೊರಗೂ ಸ್ವಲ್ಪ ದಪ್ಪ ಎಣ್ಣೆ ಹಚ್ಚಿ, ರಸೀದಿಯಲ್ಲಿ ಸಂಖ್ಯೆ ಸರಿಯಿದೆಯೇ ನೋಡಿ. ಸ್ಕೋಪನ್ನು ಉಂಗುರ ಸಮೇತ ಕಳಚಿ ಮನೆಯಲ್ಲಿಟ್ಟುಕೊಳ್ಳಿ. ವೀವರ್ ಅಥವಾ ಪಿಕಾಟಿನ್ನಿ ಹಳಿಯಾದರೆ ಹಳಿಯ ಯಾವ ಕಚ್ಚಿನಲ್ಲಿ ಕೂತಿತ್ತೆಂದು ಸಣ್ಣ ಗುರುತು ಹಾಕಿದಲ್ಲಿ ಮತ್ತೆ ಅಲ್ಲಿಯೇ, ಅದೇ ಬಿಗಿಗೆ ಕೂರಿಸಬಹುದು. ಆದರೂ ಗುರಿ ಒಂದಿಷ್ಟು ಸರಿದೇ ಇರುತ್ತದೆ. ಆದುದರಿಂದ ಆ ವರ್ಷದ ತೋಟಾ ಲೆಕ್ಕದಲ್ಲಿ ರೈಫಲ್ ಹಿಂದೆ ಬಂದ ಮೇಲೆ ರೇಂಜ್‌ಗೆ ಹೋಗಿ ಗುರಿ ಕೂಡಿಸಲು ಆರೇಳು ತೋಟಾಗಳನ್ನು ಬೇರೆಯಾಗಿ ಎತ್ತಿಡಬೇಕು.